ಗ್ರಿಜ್ಲಿಯ ಬೆನ್ನು ಹತ್ತಿದ ಅವಳಿಗಳು

ಚುಚ್ಚುಮದ್ದಿನ ಬಂದೂಕು ಟಪ್ಪೆಂದಿತು. ಕಸದ ಗುಂಡಿಯ ಅಂಚಿನಲ್ಲಿ ಮೇಯುತ್ತಿದ್ದ ಗ್ರಿಜ್ಲಿ ಕರಡಿ ಬೆಚ್ಚಿ ತಿರುಗಿತು. ಚುಚ್ಚಿಕೊಂಡ ಸಿರಿಂಜನ್ನು ಕೊಡವಲು ನೋಡಿತು, ನಾಲ್ಕು ಹೆಜ್ಜೆ ಓಡಿತು. ಮೊದಲು ಹಿಂಗಾಲು ಕುಸಿದವು, ಆಮೇಲೆ ಮುಂಗಾಲು. ಬೆಟ್ಟದಂಥ ಮೈ ದೊಪ್ಪನೆ ನೆಲಕ್ಕೊರಗಿತು.

ಮರುಗಳಿಗೆಯೇ ಕಾರಿನ ಬಾಗಿಲುಗಳು ತೆರೆದುಕೊಂಡು ಮನುಷ್ಯರು ಅದರತ್ತ ಧಾವಿಸಿದರು. ಒಬ್ಬ ಅಳತೆ ಪಟ್ಟಿ ಹಿಡಿದ. ಇನ್ನೊಬ್ಬ ಕಿವಿಗೆ ಸಂಖ್ಯೆಯ ಬಿಲ್ಲೆ ಚುಚ್ಚಿದ. ಮತ್ತೊಬ್ಬ ದವಡೆ ಬಿಡಿಸಿ ಹಲ್ಲುಗಳನ್ನು ನೋಡಿದ. ರಕ್ತದ ಮಾದರಿ, ಹಚ್ಚೆಯ ಗುರುತು, ತೂಕ, ಎಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಅವರು ಬಳಸುತ್ತಿದ್ದ ಸಕ್ಸಿನೈಲ್‌ಕೋಲಿನ್ ಎಂಬ ಮದ್ದು ನಿದ್ದೆ ತರಿಸುವಂಥದ್ದಲ್ಲ. ಅದು ಸ್ನಾಯುಗಳನ್ನು ಮಾತ್ರ ಕಟ್ಟಿಹಾಕುತ್ತದೆ. ಕರಡಿಯ ಕಣ್ಣು ತೆರೆದೇ ಇದೆ. ಅದು ನೋಡುತ್ತಿದೆ, ಕೇಳುತ್ತಿದೆ, ತನ್ನ ಮೂತಿಯ ಮುಂದೆ ಆಡುತ್ತಿರುವ ಕೈಗಳ ವಾಸನೆ ಹಿಡಿಯುತ್ತಿದೆ. ಕೈಕಾಲು ಆಡಿಸಲು ಮಾತ್ರ ಅದಕ್ಕೆ ಆಗುತ್ತಿಲ್ಲ.

ಮದ್ದಿನ ಪ್ರಮಾಣ ನಿಲ್ಲುವುದು ಕರಡಿಯ ತೂಕದ ಮೇಲೆ. ಆ ತೂಕವನ್ನು ದೂರದಿಂದ ಕಣ್ಣಂದಾಜಿನಲ್ಲೇ ಹೇಳಬೇಕು. ಅಂದಾಜು ಹೆಚ್ಚಾಯಿತೋ, ಉಸಿರಾಟದ ಸ್ನಾಯುಗಳೂ ನಿಂತು ಕರಡಿ ಸಾಯುತ್ತದೆ. ಕಡಿಮೆಯಾಯಿತೋ, ಮನುಷ್ಯ ಸಾಯಬಹುದು.

ಒಮ್ಮೆ ಕಡಿಮೆಯಾಗಿಯೇ ಹೋಯಿತು. ತಲೆ ಅಲುಗಿತು. ಭುಜ ಎದ್ದಿತು. ಯಾರೋ ಕೂಗಿದರು, ಎಲ್ಲರೂ ಕಾರಿನತ್ತ ಓಡಿದರು. ಬಾಗಿಲು ಮುಚ್ಚುವುದಕ್ಕೂ ಕರಡಿ ಬಂದು ಅಪ್ಪಳಿಸುವುದಕ್ಕೂ ನಡುವೆ ಉಳಿದದ್ದು ಗಳಿಗೆಯಷ್ಟೇ ಹೊತ್ತು. ತಗಡಿನ ಮೇಲೆ ಹೊಡೆತದ ಮೇಲೆ ಹೊಡೆತ ಬಿತ್ತು. ಅಷ್ಟಾದರೂ ಕ್ಯಾಮೆರಾ ನಿಲ್ಲಲಿಲ್ಲ. ಆ ದೃಶ್ಯವನ್ನು 1967ರ ನ್ಯಾಷನಲ್ ಜಿಯಾಗ್ರಫಿಕ್ ಸಾಕ್ಷ್ಯಚಿತ್ರದಲ್ಲಿ ಅಮೆರಿಕವಿಡೀ ಉಸಿರು ಬಿಗಿಹಿಡಿದು ನೋಡಿತು. ಆ ಕರಡಿಗೆ ‘ಇವಾನ್ ದಿ ಟೆರಿಬಲ್’ ಎಂಬ ಹೆಸರಾಯಿತು. ಅದನ್ನು ಕೆಡವಿ ಅಳೆದು ತೂಗಿ ಬಿಡುತ್ತಿದ್ದ ತಂಡದ ಮುಂದಾಳುಗಳು ಫ್ರಾಂಕ್ ಮತ್ತು ಜಾನ್ ಕ್ರೇಗ್‌ಹೆಡ್ ಎಂಬ ಅವಳಿ ಸೋದರರು.

ಗಿಡುಗದ ಗೂಡಿನಿಂದ ಭಾವನಗರಕ್ಕೆ

1916ರ ಆಗಸ್ಟ್ 14ರಂದು ವಾಷಿಂಗ್ಟನ್ ನಗರದಲ್ಲಿ ಹುಟ್ಟಿದ ಈ ಅವಳಿಗಳಿಗೆ ಬಾಲ್ಯದಿಂದಲೂ ಬೇಟೆ ಹಕ್ಕಿಗಳ ಹುಚ್ಚು. ಎತ್ತರದ ಮರ, ಕಡಿದಾದ ಬಂಡೆ ಏರಿ ಗಿಡುಗದ ಗೂಡು ಹುಡುಕುವುದು, ಮರಿಗಳ ಫೋಟೊ ತೆಗೆಯುವುದು, ಗಿಡುಗಗಳನ್ನು ಸಾಕಿ ಪಳಗಿಸುವುದು ಅವರ ದಿನಚರಿಯಾಗಿತ್ತು. 1937ರಲ್ಲಿ, ಇನ್ನೂ ಇಪ್ಪತ್ತೊಂದು ತುಂಬುವ ಮೊದಲೇ, ಅವರ ಲೇಖನ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂತು.

ಅದನ್ನು ಓದಿದವರಲ್ಲಿ ಗುಜರಾತಿನ ಭಾವನಗರದ ರಾಜಕುಮಾರ ಧರ್ಮಕುಮಾರಸಿಂಹಜಿ ಒಬ್ಬರು. ಮುಂದೆ ಸೌರಾಷ್ಟ್ರದ ಹಕ್ಕಿಗಳ ಬಗ್ಗೆ ದೊಡ್ಡ ಗ್ರಂಥ ಬರೆದವರು ಇವರೇ. ಗಿಡುಗದ ಪ್ರೀತಿಯಿಂದ ಪತ್ರವ್ಯವಹಾರ ಬೆಳೆಯಿತು, ಆಹ್ವಾನ ಬಂತು. 1940ರಲ್ಲಿ ಅವಳಿಗಳು ಭಾರತಕ್ಕೆ ಬಂದಿಳಿದರು. ಭಾವನಗರದಲ್ಲಿ ಅವರು ಗಿಡುಗದ ಬೇಟೆಯನ್ನಷ್ಟೇ ಅಲ್ಲ, ಪಳಗಿಸಿದ ಚೀತಾಗಳು ಕೃಷ್ಣಮೃಗವನ್ನು ಅಟ್ಟಿ ಕೆಡಹುವುದನ್ನೂ ಚಿತ್ರೀಕರಿಸಿದರು. ಹನ್ನೆರಡೇ ವರ್ಷಗಳಲ್ಲಿ, 1952ರಲ್ಲಿ, ಭಾರತ ತನ್ನ ಚೀತಾ ನಿರ್ನಾಮವಾಯಿತೆಂದು ಘೋಷಿಸಿತು. ದೊಡ್ಡ ಬೇಟೆಪ್ರಾಣಿಯೊಂದು ಒಂದು ದೇಶದಿಂದಲೇ ಅಳಿಸಿಹೋಗಲು ಒಂದು ತಲೆಮಾರು ಸಾಕು.

ಯುದ್ಧ ಬಂತು. ಅಮೆರಿಕದ ನೌಕಾಪಡೆ ಈ ಸೋದರರನ್ನು ಕರೆದು, ವಿಮಾನ ಉರುಳಿ ಕಾಡಿಗೋ ಕಡಲಿಗೋ ಬಿದ್ದ ಸೈನಿಕ ಬದುಕುಳಿಯುವುದು ಹೇಗೆಂದು ಕಲಿಸಲು ಹಚ್ಚಿತು. ಯಾವ ಸೊಪ್ಪು ತಿನ್ನಬಹುದು, ನೀರು ಎಲ್ಲಿ ಸಿಗುತ್ತದೆ, ಬೆಂಕಿ ಹೊತ್ತಿಸುವುದು ಹೇಗೆ ಎಂಬುದನ್ನೆಲ್ಲ ಸೇರಿಸಿ 1943ರಲ್ಲಿ ಬಂದ ಅವರ ಕೈಪಿಡಿ ದಶಕಗಳ ಕಾಲ ಬಳಕೆಯಲ್ಲಿತ್ತು. ಯುದ್ಧ ಮುಗಿದ ಮೇಲೆ ಇಬ್ಬರೂ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬೇಟೆ ಹಕ್ಕಿಗಳ ಮೇಲೆ ಸಂಶೋಧನೆ ಮಾಡಿ 1949ರಲ್ಲಿ ಡಾಕ್ಟರೇಟ್ ಪಡೆದರು. ಬೇಟೆಗಾರ ಪ್ರಾಣಿ ಎಷ್ಟು ತಿನ್ನುತ್ತದೆ, ಏನನ್ನು ತಿನ್ನುತ್ತದೆ, ತಿನ್ನುವುದರಿಂದ ಕಾಡಿಗೆ ಏನಾಗುತ್ತದೆ? ಈ ಪ್ರಶ್ನೆಗಳೇ ಅವರನ್ನು ಗಿಡುಗದಿಂದ ಗ್ರಿಜ್ಲಿಯತ್ತ ಎಳೆದು ತಂದವು.

ಕಸದ ಗುಂಡಿಯ ಸುತ್ತ

1872ರಲ್ಲಿ ಸ್ಥಾಪನೆಯಾದ ಯೆಲ್ಲೊಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ. ಸುಮಾರು 9,000 ಚದರ ಕಿಲೋಮೀಟರಿನ ಪ್ರಸ್ಥಭೂಮಿ, ಕುದಿಯುವ ನೀರಿನ ಬುಗ್ಗೆಗಳು, ಪೈನ್ ಕಾಡು. ಅಲ್ಲಿನ ಹೋಟೆಲುಗಳು ದಶಕಗಳಿಂದ ಎಂಜಲನ್ನು ಬಯಲಿನ ಗುಂಡಿಗಳಿಗೆ ಸುರಿಯುತ್ತಿದ್ದವು. ಕರಡಿಗಳು ಅಲ್ಲಿಗೆ ಮುತ್ತುತ್ತಿದ್ದವು. ಎರಡನೆಯ ಮಹಾಯುದ್ಧದವರೆಗೂ ಪ್ರವಾಸಿಗರು ಮೆಟ್ಟಿಲುಸಾಲಿನ ಆಸನಗಳಲ್ಲಿ ಕುಳಿತು ಗ್ರಿಜ್ಲಿಗಳು ಕಸ ತಿನ್ನುವುದನ್ನು ನೋಡಬಹುದಿತ್ತು. ಆ ಪ್ರದರ್ಶನ ನಿಂತರೂ ಗುಂಡಿಗಳು ನಿಲ್ಲಲಿಲ್ಲ. ಹೇಡನ್ ಕಣಿವೆಯ ಟ್ರೌಟ್ ಕ್ರೀಕ್ ಗುಂಡಿ ಎಲ್ಲಕ್ಕಿಂತ ದೊಡ್ಡದು. ಬೇಸಿಗೆಯ ಸಂಜೆ ಅಲ್ಲಿ ಡಜನ್‌ಗಟ್ಟಲೆ ಗ್ರಿಜ್ಲಿಗಳು ಸೇರುತ್ತಿದ್ದವು.

1959ರಲ್ಲಿ ಕ್ರೇಗ್‌ಹೆಡ್ ಸೋದರರು ಅಲ್ಲಿಗೆ ಬಂದಾಗ ಗ್ರಿಜ್ಲಿಯ ಬಗ್ಗೆ ಬೇಟೆಗಾರರ ಕತೆಗಳಿದ್ದವು, ವಿಜ್ಞಾನ ಕಡಿಮೆ. ಎಷ್ಟು ಕರಡಿಗಳಿವೆ? ಹೆಣ್ಣು ಎಷ್ಟನೆಯ ವಯಸ್ಸಿಗೆ ಮರಿ ಹಾಕುತ್ತದೆ? ಚಳಿಗಾಲದಲ್ಲಿ ಎಲ್ಲಿ ಮಲಗುತ್ತದೆ? ಯಾವುದಕ್ಕೂ ಗಟ್ಟಿ ಉತ್ತರವಿರಲಿಲ್ಲ. ಒಂದನ್ನೊಂದು ಹೋಲುವ ಕರಡಿಗಳನ್ನು ಎಣಿಸುವ ಮೊದಲು ಗುರುತು ಹಚ್ಚಬೇಕು. ಗುರುತು ಹಚ್ಚುವ ಮೊದಲು ಮುಟ್ಟಬೇಕು. ಪೂರ್ತಿ ಬೆಳೆದ ಗಂಡು ಗ್ರಿಜ್ಲಿ 200, 300 ಕಿಲೋ ತೂಗುತ್ತದೆ, ಗಂಟೆಗೆ 50 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನುಗ್ಗುತ್ತದೆ. ಅದನ್ನು ಜೀವಂತ ಹಿಡಿದು, ಗುರುತು ಹಾಕಿ, ಜೀವಂತವಾಗಿಯೇ ಬಿಡುವ ವಿದ್ಯೆಯನ್ನು ಇವರು ಕೆಲಸ ಮಾಡುತ್ತಲೇ ಕಟ್ಟಿಕೊಂಡರು. ದೊಡ್ಡ ಕೊಳವೆಯಾಕಾರದ ಉಕ್ಕಿನ ಬೋನು, ಸಿರಿಂಜು ಹಾರಿಸುವ ಬಂದೂಕು, ಕಿವಿಗೆ ಬಣ್ಣದ ಪಟ್ಟಿ. ಹನ್ನೆರಡು ವರ್ಷಗಳಲ್ಲಿ 200ಕ್ಕೂ ಹೆಚ್ಚು ಗ್ರಿಜ್ಲಿಗಳಿಗೆ ಸಂಖ್ಯೆ ಬಿತ್ತು.

ನಲವತ್ತನೆಯ ಕರಡಿ

ಬಣ್ಣದ ಪಟ್ಟಿ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಉಪಯೋಗಕ್ಕೆ ಬರುತ್ತದೆ. ಕರಡಿ ಕಾಡು ಹೊಕ್ಕಿತೆಂದರೆ ಮುಗಿಯಿತು. ಅದಕ್ಕೇ ಇಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯರನ್ನು ಸೇರಿಸಿಕೊಂಡು ಅವರು ಒಂದು ಕೊರಳಪಟ್ಟಿ ತಯಾರಿಸಿದರು. ಅದರೊಳಗೆ ಬ್ಯಾಟರಿ, ಪುಟ್ಟ ಪ್ರೇಷಕ. ಕೆಸರು, ಹಿಮ, ಕರಡಿಯ ಉಗುರು ಯಾವುದೂ ಒಳಗಿಳಿಯದಂತೆ ಅದಕ್ಕೆ ಗಟ್ಟಿ ಕವಚ. 1961ರ ಸೆಪ್ಟೆಂಬರಿನಲ್ಲಿ ಅದನ್ನು ತೊಟ್ಟದ್ದು 40ನೆಯ ಸಂಖ್ಯೆಯ ಹೆಣ್ಣು ಕರಡಿ. ಅದನ್ನು ಅವರು ಮೇರಿಯನ್ ಎಂದು ಕರೆದರು. ರೇಡಿಯೊ ಕೊರಳಪಟ್ಟಿ ತೊಟ್ಟ ಮೊದಲ ಗ್ರಿಜ್ಲಿ ಅವಳೇ.

ಮದ್ದು ಇಳಿದ ಮೇಲೆ ಮೇರಿಯನ್ ಎದ್ದು ಕಾಡಿನತ್ತ ನಡೆದಳು. ಮರಗಳ ನಡುವೆ ಮರೆಯಾದಳು. ಆದರೆ ಈ ಸಲ ಅವಳ ಹೆಜ್ಜೆ ಕಳೆದುಹೋಗಲಿಲ್ಲ. ರಿಸೀವರಿನಲ್ಲಿ ಸದ್ದು ಬರುತ್ತಲೇ ಇತ್ತು: ಬೀಪ್, ಬೀಪ್, ಬೀಪ್.

ಆ ಸದ್ದಿನ ಬೆನ್ನು ಹತ್ತುವುದೆಂದರೆ ಏನೆಂದು ಊಹಿಸಿಕೊಳ್ಳಿ. ಕೈಯಲ್ಲಿ ಆಂಟೆನಾ, ಬೆನ್ನ ಮೇಲೆ ಹೊರೆ, ಕಿವಿಯಲ್ಲಿ ಸದ್ದು. ಆಂಟೆನಾ ತಿರುಗಿಸಿದಂತೆ ಸದ್ದು ಏರುತ್ತದೆ, ಇಳಿಯುತ್ತದೆ. ದಿಕ್ಕು ತಿಳಿಯುತ್ತದೆ, ದೂರ ಮಾತ್ರ ಕರಾರುವಾಕ್ಕಾಗಿ ತಿಳಿಯುವುದಿಲ್ಲ. ಗುಡ್ಡ ಅಡ್ಡ ಬಂದರೆ ಸದ್ದು ಸತ್ತೇಹೋಗುತ್ತದೆ. ಇನ್ನೊಂದು ಗುಡ್ಡ ಹತ್ತಿದರೆ ಮತ್ತೆ ಜೀವ ತಳೆಯುತ್ತದೆ. ಬಿದ್ದ ಮರಗಳನ್ನು ದಾಟಿ, ಜೌಗು ತುಳಿದು, ಮೊಣಕಾಲುದ್ದದ ತೊರೆಗಳಲ್ಲಿ ಇಳಿದು ಏರಿ ಹೋಗುತ್ತಿದ್ದಂತೆ ಸದ್ದು ಜೋರಾಗುತ್ತದೆ, ಇನ್ನೂ ಜೋರಾಗುತ್ತದೆ. ಎದುರಿಗೆ ಎಳೆಯ ಪೈನ್ ಮರಗಳ ದಟ್ಟ ಪೊದೆ. ಹತ್ತು ಹೆಜ್ಜೆಯ ಆಚೆ ಏನಿದೆಯೆಂದು ಕಾಣುವುದಿಲ್ಲ. ಕರಡಿ ಅಲ್ಲೇ ಇದೆ ಎಂದು ರೇಡಿಯೊ ಹೇಳುತ್ತಿದೆ. ಮಲಗಿದೆಯೋ, ಎದ್ದು ನಿಂತು ನಿಮ್ಮ ವಾಸನೆ ಹಿಡಿಯುತ್ತಿದೆಯೋ, ಮರಿಗಳು ಜೊತೆಗಿವೆಯೋ, ಅದನ್ನು ಯಾವ ಯಂತ್ರವೂ ಹೇಳದು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ನೋಡಿಕೊಂಡು, ಏರಬಹುದಾದ ಮರವೊಂದನ್ನು ಕಣ್ಣಲ್ಲೇ ಗುರುತಿಟ್ಟುಕೊಂಡು, ಮುಂದಿನ ಹೆಜ್ಜೆ ಇಡಬೇಕು.

ಹೀಗೆ ಹಗಲಿರುಳು ನಡೆದು ಅವರು ಒಂದೊಂದು ಕರಡಿಯ ಬದುಕಿನ ನಕ್ಷೆ ಬಿಡಿಸಿದರು. ವಸಂತದಲ್ಲಿ ಚಳಿಗೆ ಸತ್ತ ಎಲ್ಕ್ ಜಿಂಕೆಗಳ ಹೆಣ, ಬೇಸಿಗೆಯಲ್ಲಿ ಹುಲ್ಲು, ಗೆಡ್ಡೆ, ಹಣ್ಣು, ಇಲಿ. ಬೆಟ್ಟದ ಎತ್ತರದಲ್ಲಿ ಪೈನ್ ಬೀಜ. ಹೆಣ್ಣು ಕರಡಿ ಚಿಕ್ಕ ವಲಯದಲ್ಲೇ ಓಡಾಡಿದರೆ ದೊಡ್ಡ ಗಂಡುಗಳು ನೂರಾರು ಚದರ ಕಿಲೋಮೀಟರು ಸುತ್ತುತ್ತಿದ್ದವು. ಉದ್ಯಾನದ ಗಡಿ ಅವುಗಳಿಗೆ ಲೆಕ್ಕಕ್ಕೇ ಇರಲಿಲ್ಲ. ಗಡಿಯಾಚೆ ಬಂದೂಕು ಹಿಡಿದ ಬೇಟೆಗಾರನಿದ್ದ, ಕುರಿಗಾಹಿಯಿದ್ದ. ಉದ್ಯಾನದೊಳಗೆ ಮಾತ್ರ ಕರಡಿಯನ್ನು ಕಾಯ್ದರೆ ಸಾಲದು ಎಂಬ ಮಾತು ಇಂದು ಎಲ್ಲರ ಬಾಯಲ್ಲಿದೆ. ಅದಕ್ಕೆ ಪುರಾವೆ ಒದಗಿಸಿದ್ದು ಆ ಬೀಪ್ ಸದ್ದು.

ಬಿರುಗಾಳಿಗೆ ಕಾದವರು

ಎಲ್ಲಕ್ಕಿಂತ ದೊಡ್ಡ ಗುಟ್ಟು ಉಳಿದಿತ್ತು. ಚಳಿಗಾಲಕ್ಕೆ ಗ್ರಿಜ್ಲಿ ಎಲ್ಲಿ ಹೋಗುತ್ತದೆ? ಅಕ್ಟೋಬರ್ ಮುಗಿಯುತ್ತಿದ್ದಂತೆ ಯೆಲ್ಲೊಸ್ಟೋನ್‌ನಲ್ಲಿ ರಸ್ತೆಗಳು ಮುಚ್ಚುತ್ತವೆ, ಪ್ರವಾಸಿಗರು ಹೊರಡುತ್ತಾರೆ. ಸಂಶೋಧಕರು ಮಾತ್ರ ಹಿಮದಲ್ಲಿ ಹೆಜ್ಜೆ ಕೀಳುತ್ತ ಹೊರಟರು.

ಕೊರಳಪಟ್ಟಿ ತೊಟ್ಟ ಕರಡಿಗಳು ಅವರನ್ನು ಬೆಟ್ಟದ ಉತ್ತರ ಇಳಿಜಾರುಗಳಿಗೆ ಕರೆದೊಯ್ದವು. ಅಲ್ಲಿ ದೊಡ್ಡ ಮರಗಳ ಬುಡದಲ್ಲಿ, ಬೇರುಗಳೇ ಸೂರಾಗುವಂತೆ, ಕರಡಿಗಳು ಬಿಲ ತೋಡಿದ್ದವು. ಒಳಗೆ ಹಾಸಿಗೆಗೆ ಫರ್ ಮರದ ಎಳೆ ಕೊಂಬೆಗಳು. ಉತ್ತರದ ಇಳಿಜಾರಿಗೆ ಬಿಸಿಲು ತಾಗುವುದು ಕಡಿಮೆ. ಹಿಮ ನಡುವೆ ಕರಗದೆ ಬಾಗಿಲಿಗೆ ಕದವಾಗಿ ನಿಲ್ಲುತ್ತದೆ. ಆದರೆ ಬಿಲ ತೋಡಿ ವಾರಗಳು ಕಳೆದರೂ ಕರಡಿಗಳು ಒಳಗೆ ಹೋಗಲಿಲ್ಲ. ಸುತ್ತಮುತ್ತಲೇ ಮಂಕು ಹಿಡಿದಂತೆ ತಿರುಗುತ್ತ, ಮಲಗುತ್ತ, ಏನನ್ನೋ ಕಾಯುತ್ತಿದ್ದವು. ಏನನ್ನು?

ಉತ್ತರ ಬಂದದ್ದು ಬಿರುಗಾಳಿಯೊಂದಿಗೆ. ಆಕಾಶ ಕವಿದುಕೊಂಡಿತು, ಗಾಳಿ ಊಳಿಟ್ಟಿತು, ಹಿಮ ಅಡ್ಡಡ್ಡ ಬೀಸತೊಡಗಿತು. ಎದುರಿನ ಮರವೂ ಕಾಣದಂಥ ಆ ಹೊತ್ತಿನಲ್ಲಿ ದೂರದೂರದ ಗುಡ್ಡಗಳ ಮೇಲಿದ್ದ ಕರಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ತಮ್ಮ ತಮ್ಮ ಬಿಲದತ್ತ ನಡೆದವು. ಅವು ಒಳಗೆ ಸೇರಿದ ಮೇಲೂ ಹಿಮ ಬೀಳುತ್ತಲೇ ಇತ್ತು. ಬಿಲದ ಬಾಗಿಲಿಗೆ ಕರೆದೊಯ್ಯುವ ಹೆಜ್ಜೆ ಗುರುತು ಒಂದೂ ಉಳಿಯಲಿಲ್ಲ. ನಾಲ್ಕೈದು ತಿಂಗಳು ಅನ್ನ ನೀರಿಲ್ಲದೆ ಮಲಗುವ ಪ್ರಾಣಿ, ತನ್ನ ಜಾಡನ್ನು ಅಳಿಸಿಕೊಡುವ ಬಿರುಗಾಳಿ ಬರುವವರೆಗೂ ಕಾಯುತ್ತದೆ ಎಂದು ಕ್ರೇಗ್‌ಹೆಡ್ ಸೋದರರು ಲೋಕಕ್ಕೆ ತಿಳಿಸಿದರು. ಅದನ್ನು ತಿಳಿಯಲು ಅವರೂ ಅದೇ ಬಿರುಗಾಳಿಯಲ್ಲಿ ಹೊರಗೆ ನಿಲ್ಲಬೇಕಾಯಿತು.

ಆ ಬಿಲದೊಳಗೆ, ನಡುಚಳಿಗಾಲದಲ್ಲಿ, ಅರ್ಧ ಕಿಲೋ ತೂಕದ ಮರಿಗಳು ಹುಟ್ಟುತ್ತವೆ. ಗ್ರಿಜ್ಲಿಯ ಬದುಕಿನ ಲೆಕ್ಕ ತುಂಬ ಬಿಗಿಯಾದದ್ದು. ಹೆಣ್ಣು ಮೊದಲ ಸಲ ಮರಿ ಹಾಕುವುದು ಐದಾರು ವರ್ಷಕ್ಕೆ. ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಮರಿ. ಮತ್ತೆ ಮರಿ ಹಾಕಲು ಮೂರು ವರ್ಷ. ಹತ್ತು ಗಂಡುಗಳು ಸತ್ತರೆ ಕಾಡು ತಡೆದುಕೊಳ್ಳಬಹುದು, ಹತ್ತು ಹೆಣ್ಣುಗಳು ಸತ್ತರೆ ಇಡೀ ವಂಶ ಕೆಳಮುಖವಾಗುತ್ತದೆ. ಈ ಲೆಕ್ಕವೇ ಮುಂದಿನ ದೊಡ್ಡ ಜಗಳದ ತಿರುಳು.

ಒಂದೇ ರಾತ್ರಿ, ಎರಡು ಸಾವು

1967ರ ಆಗಸ್ಟ್ 13ರ ಮುಂಜಾವದ ಕತ್ತಲಲ್ಲಿ, ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ, ಬೇರೆ ಬೇರೆ ಜಾಗಗಳಲ್ಲಿ, ಬೇರೆ ಬೇರೆ ಗ್ರಿಜ್ಲಿಗಳು ಇಬ್ಬರು ಯುವತಿಯರನ್ನು ಕೊಂದವು. ಇಬ್ಬರಿಗೂ ಹತ್ತೊಂಬತ್ತೇ ವರ್ಷ. ಎರಡೂ ಕಡೆ ಕರಡಿಗಳಿಗೆ ಮನುಷ್ಯರ ಎಂಜಲಿನ ರುಚಿ ಹತ್ತಿತ್ತು. ದೇಶ ನಡುಗಿತು. ಯೆಲ್ಲೊಸ್ಟೋನ್ ಆಡಳಿತ ಕಸದ ಗುಂಡಿಗಳನ್ನು ಬೇಗ ಮುಚ್ಚುವುದೆಂದು ತೀರ್ಮಾನಿಸಿತು.

ಗುಂಡಿಗಳು ಮುಚ್ಚಬೇಕು ಎಂಬುದಕ್ಕೆ ಕ್ರೇಗ್‌ಹೆಡ್ ಸೋದರರ ವಿರೋಧವಿರಲಿಲ್ಲ. ಅವರ ಎಚ್ಚರಿಕೆ ಇಷ್ಟೇ: ತಲೆಮಾರುಗಳಿಂದ ಒಂದೆಡೆ ಉಣ್ಣುವುದಕ್ಕೆ ಒಗ್ಗಿದ ಪ್ರಾಣಿಯ ಊಟವನ್ನು ಒಮ್ಮೆಗೇ ಕಿತ್ತುಕೊಂಡರೆ ಅದು ಆಹಾರ ಹುಡುಕಿಕೊಂಡು ಮನುಷ್ಯರ ಡೇರೆಗಳಿಗೇ ಬರುತ್ತದೆ. ಹಂತಹಂತವಾಗಿ ಮುಚ್ಚಿ. ಮನುಷ್ಯರಿಂದ ದೂರದಲ್ಲಿ ಎಲ್ಕ್ ಹೆಣಗಳನ್ನಿಟ್ಟು ಅವುಗಳನ್ನು ಕಾಡಿನತ್ತ ತಿರುಗಿಸಿ. ಅಷ್ಟರವರೆಗೆ ಎಣಿಕೆ ನಿಲ್ಲಿಸಬೇಡಿ.

ಉದ್ಯಾನದ ಜೀವಶಾಸ್ತ್ರಜ್ಞರ ವಾದ ಬೇರೆಯಿತ್ತು. ಗುಂಡಿಗೆ ಎಂದೂ ಬಾರದ ಕರಡಿಗಳು ಒಳಕಾಡಿನಲ್ಲಿ ಬೇಕಾದಷ್ಟಿವೆ, ಗುಂಡಿಯ ಕರಡಿಗಳಲ್ಲಿ ಕೆಲವು ಸತ್ತರೂ ವಂಶಕ್ಕೆ ಧಕ್ಕೆಯಿಲ್ಲ ಎಂದರು ಅವರು. ಸೋದರರು ಅಂಕಿ ಮುಂದಿಟ್ಟರು. ಗುಂಡಿಯಿಂದ ದೂರದಲ್ಲಿ ಸತ್ತ ಕರಡಿಗಳಲ್ಲೂ ಕಿವಿಬಿಲ್ಲೆ ಇದ್ದವುಗಳ ಪಾಲು ಗುಂಡಿಯ ಬಳಿ ಕಂಡಷ್ಟೇ ಇದೆ, ಅಂದರೆ ಇವೆಲ್ಲ ಒಂದೇ ಬಳಗ, ಒಳಕಾಡಿನಲ್ಲಿ ಅಡಗಿದ ಇನ್ನೊಂದು ದಂಡು ಇಲ್ಲ ಎಂದರು. ಮಾತು ಒಪ್ಪಿತವಾಗಲಿಲ್ಲ. 1969ರಲ್ಲಿ ರ್‍ಯಾಬಿಟ್ ಕ್ರೀಕ್, 1970ರಲ್ಲಿ ಟ್ರೌಟ್ ಕ್ರೀಕ್ ಗುಂಡಿ ಮುಚ್ಚಿದವು.

ಸೋದರರು ಹೇಳಿದ್ದೇ ಆಯಿತು. ಹಸಿದ ಕರಡಿಗಳು ಪ್ರವಾಸಿಗರ ಬಿಡಾರಗಳಿಗೆ ನುಗ್ಗಿದವು. ಬಂದವನ್ನು ಹಿಡಿದು ದೂರ ಬಿಟ್ಟರು. ಮತ್ತೆ ಬಂದವನ್ನು ಕೊಂದರು. ಗಡಿಯಾಚೆ ಹೋದವು ಬಂದೂಕಿಗೆ ಸಿಕ್ಕವು. ಮುಂದಿನ ಕೆಲವೇ ವರ್ಷಗಳಲ್ಲಿ ಗ್ರಿಜ್ಲಿಗಳು ಡಜನ್‌ಗಟ್ಟಲೆ ಸತ್ತವು. ಸತ್ತವರಲ್ಲಿ ಮೇರಿಯನ್ ಕೂಡ ಒಬ್ಬಳು. ಬಿಲದ ಗುಟ್ಟನ್ನು ಮನುಷ್ಯನಿಗೆ ತೋರಿಸಿಕೊಟ್ಟ ನಲವತ್ತನೆಯ ಕರಡಿ 1969ರ ಶರತ್ಕಾಲದಲ್ಲಿ ಉದ್ಯಾನದ ಸಿಬ್ಬಂದಿಯ ಬಂದೂಕಿಗೆ ಬಲಿಯಾದಳು. 1971ರಲ್ಲಿ ಕ್ರೇಗ್‌ಹೆಡ್‌ರ ಸಂಶೋಧನೆಯೇ ನಿಂತಿತು. ಮರುವರ್ಷ ಓಲ್ಡ್ ಫೇತ್‌ಫುಲ್ ಬುಗ್ಗೆಯ ಬಳಿ ಡೇರೆ ಹಾಕಿದ್ದ ಯುವಕನೊಬ್ಬನನ್ನು ಗ್ರಿಜ್ಲಿ ಕೊಂದಿತು.

ಲೆಕ್ಕ ಗೆದ್ದಿತು

1975ರಲ್ಲಿ ಅಮೆರಿಕ ಸರ್ಕಾರ ಅಲಾಸ್ಕಾದ ಹೊರಗಿನ ಗ್ರಿಜ್ಲಿಗಳನ್ನು ಅಪಾಯದಂಚಿನ ಪ್ರಾಣಿಗಳ ಕಾಯ್ದೆಯ ರಕ್ಷಣೆಗೆ ತಂದಿತು. ಯೆಲ್ಲೊಸ್ಟೋನ್ ಸುತ್ತ ಆಗ ಉಳಿದಿದ್ದವು 136ರಷ್ಟೇ ಇರಬಹುದೆಂದು ಅಂದಾಜು. ಬೇಟೆ ನಿಂತಿತು. ಕರಡಿ ಬಿಚ್ಚಲಾಗದ ಕಸದ ಡಬ್ಬಿಗಳು ಬಂದವು. ಬಿಡಾರಗಳಲ್ಲಿ ಆಹಾರವನ್ನು ಬಯಲಿಗಿಡುವುದು ಅಪರಾಧವಾಯಿತು. ಉದ್ಯಾನ, ಅರಣ್ಯ, ರಾಜ್ಯಗಳ ಇಲಾಖೆಗಳು ಗಡಿ ಮರೆತು ಒಟ್ಟಿಗೆ ಎಣಿಸತೊಡಗಿದವು. ಅದರಲ್ಲೂ ಮರಿಯಿರುವ ಹೆಣ್ಣುಗಳನ್ನು ಒಂದೊಂದಾಗಿ ಎಣಿಸಿದರು. ಇಂದು ಆ ಭಾಗದಲ್ಲಿ ಸುಮಾರು 1,000 ಗ್ರಿಜ್ಲಿಗಳಿವೆ. ಫ್ರಾಂಕ್ 2001ರಲ್ಲಿ ತೀರಿಕೊಂಡರು. ಜಾನ್ ನೂರು ವರ್ಷ ತುಂಬಿಸಿ 2016ರಲ್ಲಿ ಕಣ್ಮುಚ್ಚಿದರು. ಕರಡಿ ಮರಳಿ ಬಂದದ್ದನ್ನು ಇಬ್ಬರೂ ನೋಡಿದರು.

ಮೇರಿಯನ್ ಕೊರಳಿನಿಂದ ಹೊರಟ ಆ ತಂತ್ರ ಜಗತ್ತು ಸುತ್ತಿ ನಮ್ಮಲ್ಲಿಗೂ ಬಂತು. 1990ರಲ್ಲಿ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿ, ಹುಲಿ ಎಷ್ಟು ಜಾಗ ಬಳಸುತ್ತದೆ, ಏನು ತಿನ್ನುತ್ತದೆ ಎಂಬುದನ್ನು ಊಹೆಯಿಂದ ವಿಜ್ಞಾನಕ್ಕೆ ಎತ್ತಿದರು. ನಮ್ಮಲ್ಲೂ ಕರಡಿಗಳಿವೆ. ದರೋಜಿಯಲ್ಲಿ 1994ರಲ್ಲೇ ಕರಡಿಧಾಮವಾಯಿತು. ಬಂಡೆಗುಡ್ಡಗಳ ನಡುವೆ ಗೆದ್ದಲು, ಜೇನು, ಕಾಡುಹಣ್ಣು ತಿಂದು ಬದುಕುವ ನಮ್ಮ ಕರಡಿ ಇಂದು ಗಣಿ, ಹೊಲ, ರಸ್ತೆಗಳ ನಡುವೆ ಸಿಕ್ಕಿಕೊಂಡಿದೆ. ಬಳ್ಳಾರಿ, ಕೊಪ್ಪಳ, ತುಮಕೂರಿನ ರೈತರು ಅದರ ಉಗುರಿಗೆ ಸಿಕ್ಕು ನರಳಿದ್ದಾರೆ. ಅವರ ನೋವನ್ನು ಬದಿಗಿಟ್ಟು ಕರಡಿಯನ್ನು ಉಳಿಸಲು ಯಾರಿಂದಲೂ ಆಗದು. ಅವರನ್ನು ಕಾಯುವ ದಾರಿಯೂ ಕರಡಿಯ ನಡೆಯನ್ನು ಬಲ್ಲವರಿಂದಲೇ ಸಿಗಬೇಕು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಕಾಡಂಚಿನ ರಸ್ತೆಯಲ್ಲಿ ಕಾರು ನಿಲ್ಲಿಸಿ ಬುತ್ತಿಯ ಉಳಿಕೆಯನ್ನು ಎಸೆಯಬೇಡಿ. ಊರಿನ ಕಸ ಗುಡ್ಡದ ಬುಡಕ್ಕೆ ಹೋಗುತ್ತಿದ್ದರೆ ಪಂಚಾಯಿತಿಯನ್ನು ಕೇಳಿ. ನಿಮ್ಮ ಜಿಲ್ಲೆಯಲ್ಲಿ ಕರಡಿಯನ್ನೋ ಚಿರತೆಯನ್ನೋ ಎಣಿಸುವವರಿದ್ದರೆ ಅವರ ಮಾತಿಗೆ ಕಿವಿಗೊಡಿ, ತೀರ್ಮಾನ ಮಾಡುವವರೂ ಕಿವಿಗೊಡುವಂತೆ ಒತ್ತಾಯಿಸಿ. ಜೀವ ಪಣಕ್ಕಿಟ್ಟು ತಂದ ತಿಳಿವಳಿಕೆಯನ್ನು ಯೆಲ್ಲೊಸ್ಟೋನ್ ಒಮ್ಮೆ ಕಡೆಗಣಿಸಿತು. ಅದರ ಬೆಲೆಯನ್ನು ಕರಡಿಗಳೂ ತೆತ್ತವು, ಮನುಷ್ಯರೂ ತೆತ್ತರು. ಆ ಬೆಲೆಯನ್ನು ನಾವು ಮತ್ತೊಮ್ಮೆ ತೆರಬೇಕಾಗಿಲ್ಲ.